ಮರ್ವ್‌ನ ಲ್ಯಾಂಡ್ ರೋವರ್‌ಗೆ ಬ್ಯಾಟರಿ ಕೂರಿಸಿದ್ದು

ನಮ್ಮೂರು ಕ್ವೋರ್ನ್‌ನಲ್ಲಿ ಯಾರ ಮನೆಯ ಮೋಟರ್ ಸುಟ್ಟರೂ ಕೊನೆಗೆ ಬರುತ್ತಿದ್ದುದು ಗ್ಲೆನಿಸ್ ಫಿಟ್ಸ್‌ನರ್ ಶೆಡ್ಡಿಗೆ. ಮೂವತ್ತು ವರ್ಷ ಕುರಿ ಫಾರ್ಮುಗಳ ನೀರಿನ ಪಂಪಿಗೆ ತಾಮ್ರದ ತಂತಿ ಸುತ್ತಿದ ಕೈ ಅವಳದು. ಗಂಡ ಮರ್ವ್ ಅಷ್ಟೇ ವರ್ಷ ಹಳೇ ಡೀಸೆಲ್ ಲ್ಯಾಂಡ್ ರೋವರ್‌ನಲ್ಲಿ ಹಾಕರ್ ಎಂಬ ಊರಿನ ಆಚೆಯ ಫಾರ್ಮುಗಳಿಗೆ ಟಪಾಲು ಮುಟ್ಟಿಸಿದವನು. ನಾನು ಅವರ ಪಕ್ಕದ ಮನೆಯವನು.

ಮರ್ವ್‌ನ ಶ್ವಾಸಕೋಶ ಕೆಟ್ಟಾಗ ಡಾಕ್ಟರು ಡೀಸೆಲ್ ಹೊಗೆಯ ಹತ್ತಿರ ಸುಳಿಯಬೇಡ ಎಂದರು. ಆ ಗಾಡಿಯಲ್ಲೋ, ನೆಲದ ಸಂದಿಯಿಂದಲೇ ಹೊಗೆ ಒಳಗೆ ನುಗ್ಗುತ್ತಿತ್ತು. ಬೇರೆ ಕಾರು ಹತ್ತಲು ಅವನು ಸುತರಾಂ ಒಪ್ಪಲಿಲ್ಲ.

"ಇಂಜಿನ್ನೇ ಕಿತ್ತಾಕಿ ಬ್ಯಾಟರಿ ಹಾಕ್ತೀನಿ," ಎಂದಳು ಗ್ಲೆನಿಸ್.

"ಆಮೇಲೆ ಅದು ಗಾಡಿ ಅಲ್ಲ ಕಣೇ, ಟಾರ್ಚು!" ಎಂದು ಮರ್ವ್ ನಕ್ಕ, ಕೆಮ್ಮಿದ. "ಆಯ್ತು, ಮಾಡು. ಸಾಯೋಕೆ ಮುಂಚೆ ಆ ಟಪಾಲು ದಾರೀಲಿ ಇನ್ನೊಂದ್ಸಲ ಹೋಗ್ಬೇಕು."

ಇಂಜಿನ್ನನ್ನು ಗ್ಲೆನಿಸ್ ಮತ್ತು ನಾನು ಇಬ್ಬರೇ ಸರಪಳಿ ಹಾಕಿ ಎತ್ತಿದೆವು. ಪೋರ್ಟ್ ಆಗಸ್ಟಾದ ಗುಜರಿಯವನು ಅದನ್ನು ಒಯ್ದ. ಅಪಘಾತವಾದ ಎಲೆಕ್ಟ್ರಿಕ್ ಕಾರೊಂದರ ಮೋಟರ್ ಸಿಕ್ಕಿತು. ಅದನ್ನು ಹಳೇ ಗೇರ್‌ಬಾಕ್ಸಿಗೆ ಜೋಡಿಸುವ ಉಕ್ಕಿನ ತಟ್ಟೆಯನ್ನು, ಕೂದಲೆಳೆ ವ್ಯತ್ಯಾಸಕ್ಕೆ, ಮೂರು ಸಲ ಕೊರೆಯಬೇಕಾಯಿತು. ಎಲ್ಲ ಮುಗಿಯಿತು ಎನ್ನುವಾಗ ಸಾರಿಗೆ ಇಲಾಖೆಯ ತಪಾಸಣೆಯವರು ಚಾಸಿಸ್ ತುಕ್ಕು ಹಿಡಿದಿದೆ ಎಂದರು. ಎಲ್ಲ ಬಿಚ್ಚಿ, ವೆಲ್ಡಿಂಗ್ ಮಾಡಿ, ಮತ್ತೆ ಮೊದಲಿನಿಂದ. ಒಟ್ಟು ಎರಡೂವರೆ ವರ್ಷ.

ಅಷ್ಟರಲ್ಲಿ ಮರ್ವ್‌ನ ನೆನಪು ಸೋರತೊಡಗಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು.

"ಸ್ವಲ್ಪ ಅವನ ಹತ್ರ ಕೂತ್ಕೊಳ್ಳೇ," ಎಂದೆ ಒಮ್ಮೆ ಗ್ಲೆನಿಸ್‌ಗೆ.

"ಇದೊಂದು ಮುಗೀಲಿ. ಕೂರೋಕೆ ಆಮೇಲೆ ಬೇಕಾದಷ್ಟು ದಿನ ಇದೆ," ಎಂದಳು. ಸ್ಪ್ಯಾನರ್ ಕೆಳಗಿಡಲಿಲ್ಲ.

ಏಪ್ರಿಲ್‌ನಲ್ಲಿ ಗಾಡಿ ರಸ್ತೆಗಿಳಿಸಬಹುದೆಂಬ ಸರ್ಟಿಫಿಕೇಟ್ ಬಂತು. ಮರುದಿನ ಬೆಳಿಗ್ಗೆ ಮರ್ವ್‌ನನ್ನು ಮುಂದೆ ಕೂರಿಸಿದೆವು, ನಾನು ಹಿಂದೆ ಕೂತೆ. ಗ್ಲೆನಿಸ್ ಪೆಡಲ್ ಒತ್ತಿದಳು. ಗಾಡಿ ಸದ್ದೇ ಇಲ್ಲದೆ ಹಾಕರ್ ರಸ್ತೆಗೆ ಇಳಿಯಿತು.

"ಸ್ಟಾರ್ಟ್ ಮಾಡಮ್ಮ," ಎಂದ ಮರ್ವ್.

"ಹೋಗ್ತಾ ಇದೀವಲ್ಲ ಮರ್ವ್. ನೋಡು, ಗುಡ್ಡ."

"ಸ್ಟಾರ್ಟೇ ಆಗಿಲ್ಲ!" ಅವನ ಮುಖ ಬಿಳಿಚಿತು. "ಗಾಡಿ ಉರುಳ್ತಾ ಇದೆ! ಬ್ರೇಕು! ಬ್ರೇಕ್ ಹಿಡೀರಿ!" ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಜಗ್ಗಿದ.

ಅವಳು ಪಕ್ಕಕ್ಕೆ ನಿಲ್ಲಿಸಿದಳು. ಅವನು ಏದುಸಿರು ಬಿಡುತ್ತ ಅಳುತ್ತಿದ್ದ. ಅವಳ ತೋಳು ಹಿಡಿದು ಕೇಳಿಕೊಂಡ: "ನಮ್ಮ ಗ್ಲೆನಿಸ್‌ಗೆ ಹೇಳಿ ಕಳಿಸಮ್ಮ. ಅವಳು ಬಂದ್ರೆ ರಿಪೇರಿ ಮಾಡ್ತಾಳೆ."

"ಹೇಳ್ತೀನಿ," ಎಂದಳು ಗ್ಲೆನಿಸ್.

ಅಂದೇ ಮಧ್ಯಾಹ್ನ ಅವಳು ಹಳೇ ಇಂಜಿನ್ ವಾಪಸ್ ಕೇಳಲು ಗುಜರಿಯವನಿಗೆ ಫೋನ್ ಮಾಡಿದಳು. ಇಂಜಿನ್ನನ್ನು ಎಂದೋ ಬಿಚ್ಚಿ, ಬಿಡಿಭಾಗಗಳನ್ನು ಮೂರು ಗಾಡಿಗಳಿಗೆ ಹಾಕಿಯಾಗಿತ್ತು. ಮರ್ವ್ ಮತ್ತೆ ಲ್ಯಾಂಡ್ ರೋವರ್ ಹತ್ತಲಿಲ್ಲ. ನಮ್ಮಲ್ಲಿ ಚಳಿಗಾಲವಾದ ಜುಲೈಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯವರೆಗೂ ಅವಳನ್ನು ನರ್ಸ್ ಅಂದುಕೊಂಡು, ಪ್ರತಿ ತುತ್ತಿಗೂ ಥ್ಯಾಂಕ್ಸ್ ಹೇಳುತ್ತಿದ್ದ.

ಮಣ್ಣು ಮಾಡಿ ಬಂದ ದಿನ ಗ್ಲೆನಿಸ್ ಗಾಡಿಯ ಕೀಲಿಯನ್ನು ನನ್ನ ಮುಂದೆ ಹಿಡಿದಳು. "ಗುಡ್ಡ ಹತ್ತುತ್ತೆ ಕಣೋ, ಚೆನ್ನಾಗೇ ಹತ್ತುತ್ತೆ. ತಗೊಂಡ್ಹೋಗು."

ನಾನು ಕೈ ಚಾಚಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ.