ಹಾಡು ಮುಗಿದ ಮೇಲೆ ಕೇಳುವವರು

ಗುರುವಾರ ಬೆಳಗಿನ ಆರು ಗಂಟೆ. ಕೊರಿಯಾದ ಸೋಲ್ ನಗರದ ಗಾಸಾನ್‌ನಲ್ಲಿ, ಮಹಡಿಗೊಂದು ಕಾರ್ಖಾನೆ ಇರುವ ಕಟ್ಟಡದ ಒಂಬತ್ತನೇ ಮಹಡಿ. ಬೀರುವಿನಷ್ಟಗಲದ ಕೋಣೆ, ನಾಲ್ಕೂ ಗೋಡೆಗೆ ಹಳೆಯ ರಜಾಯಿ ಬಡಿದಿದ್ದಾರೆ. ಒಳಗೆ ಪ್ಯೊ ಒಕ್ಬುನ್ ಕಣ್ಣು ಮುಚ್ಚಿ ಕೂತಿದ್ದಾರೆ. ಕಿವಿಯಲ್ಲಿ ಇಯರ್‌ಫೋನ್, ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎಂಪಿ3 ಪ್ಲೇಯರ್. ಹಾಡು ಮುಗಿಯುತ್ತದೆ. ಮುಂದಿನದು ಶುರುವಾಗುವುದರೊಳಗೆ ಅವರ ಹುಬ್ಬು ಗಂಟಿಕ್ಕುತ್ತದೆ, ಪ್ಲೇಯರ್ ಕೆಂಪು ಬುಟ್ಟಿಗೆ ಬೀಳುತ್ತದೆ. ಆ ಬುಟ್ಟಿಗೆ ಇಡೀ ದಿನದಲ್ಲಿ ನಾಲ್ಕೈದು ಬಿದ್ದರೆ ಹೆಚ್ಚು. ಇವತ್ತು ಕಾಫಿಗೂ ಮುಂಚೆ ಇಪ್ಪತ್ಮೂರು ಬಿದ್ದಿವೆ.

ಬೀಳಬಾರದ ದಿನವೇ ಬಿದ್ದಿವೆ. ಕಾಲೇಜು ಪ್ರವೇಶ ಪರೀಕ್ಷೆ ಈಗಷ್ಟೇ ಮುಗಿದಿದೆ, ಮಕ್ಕಳಿಗೆ ಉಡುಗೊರೆ ಕೊಡಿಸುವ ಕಾಲ. ನಾಳೆ ಮಧ್ಯಾಹ್ನದೊಳಗೆ ಮೂರು ಸಾವಿರ ಪ್ಲೇಯರ್‌ಗಳು ಟೀವಿಯಲ್ಲಿ ಸಾಮಾನು ಮಾರುವ ಚಾನೆಲ್ಲಿನ ಗೋದಾಮು ಸೇರಿದರೆ ಶನಿವಾರ ಆ ಚಾನೆಲ್ಲಿನ ಒಂದು ಗಂಟೆಯ ಪ್ರಸಾರ ಇವರದು. ಇಲ್ಲವಾದರೆ ಅದು ಆರನೇ ಮಹಡಿಯವರ ಪಾಲು. ಅಲ್ಲಿಯೂ ತಯಾರಾಗುವುದು ಇದೇ ಸಾಮಾನು. ವಿದೇಶದ ದೊಡ್ಡ ಕಂಪನಿಯೊಂದು ಹೋದ ತಿಂಗಳು ಬೆಲೆ ಇಳಿಸಿದಾಗಿನಿಂದ ಎರಡೂ ಮಹಡಿಗೆ ಉಸಿರು ಕಟ್ಟಿದೆ. ಈ ಗಂಟೆ ಕೈತಪ್ಪಿದರೆ ಹೊಸ ವರ್ಷಕ್ಕೆ ಬಾಗಿಲು ಹಾಕುವುದೇ ಎಂದು ಮಾಲೀಕ ಮಿನ್ ಎಲ್ಲರ ಮುಂದೆ ಹೇಳಿದ್ದಾರೆ. ನಲವತ್ಮೂರು ಜನರ ಅನ್ನ.

ಲಿಫ್ಟಿನಲ್ಲಿ ಎರಡೂ ಮಹಡಿಯವರು ಸಿಕ್ಕರೆ ಎಲ್ಲರೂ ಗುಂಡಿಗಳನ್ನೇ ನೋಡುತ್ತಾರೆ. ಕಿಟಕಿಯಲ್ಲಿ ನಿಂತು ಅವರ ಲಾರಿ ಇವರು ಎಣಿಸುತ್ತಾರೆ, ಇವರದನ್ನು ಅವರು. ಇವರ ಬಗ್ಗೆ ಬರೆಯಲು ಬಂದಿರುವ ನನ್ನ ಕೋಟಿನ ಜೇಬಿನಲ್ಲಿರುವುದು ಆರನೇ ಮಹಡಿಯ ಪ್ಲೇಯರ್. ಅದನ್ನು ಕಳ್ಳಮಾಲಿನಂತೆ ಒಳಗೇ ಅದುಮಿ ಇಟ್ಟುಕೊಂಡಿದ್ದೇನೆ.

ಒಕ್ಬುನ್ ಅವರಿಗೆ ಐವತ್ನಾಲ್ಕು ವರ್ಷ. ಹದಿನೇಳಕ್ಕೆ ದಕ್ಷಿಣದ ಗುರ್ಯೆಯಿಂದ ಈ ಕಾರ್ಖಾನೆಗಳ ಬೀದಿಗೆ ಬಂದವರು. ಮೊದಲು ರೇಡಿಯೋಕ್ಕೆ ಬೆಸುಗೆ, ಆಮೇಲೆ ಟೇಪ್ ಪ್ಲೇಯರ್‌ಗೆ. ಎರಡೂ ಅವರ ಕಣ್ಣೆದುರಿಗೇ ಅಂಗಡಿಗಳಿಂದ ಮಾಯವಾದವು. ಈಗ ದಿನಕ್ಕೆ ಆರುನೂರು ಪ್ಲೇಯರ್‌ಗಳಿಗೆ ಕಿವಿ ಕೊಡುತ್ತಾರೆ, ಒಂದೊಂದಕ್ಕೂ ಹಾಡಿನ ಕೊನೆಯ ತುಣುಕಷ್ಟೇ. ಕೆಲಸದ ದಿನ ಮೂಲಂಗಿಯ ಉಪ್ಪಿನಕಾಯಿ, ಕಿಮ್ಚಿ, ಮುಟ್ಟುವುದಿಲ್ಲ. ಕಡಿದರೆ ಗಂಟೆಗಟ್ಟಲೆ ದವಡೆಯ ಸದ್ದೇ ಕಿವಿಯಲ್ಲಿ ಉಳಿಯುತ್ತದಂತೆ.

"ಹಾಡು ಎಲ್ಲಾನೂ ಮುಚ್ಚಿಬಿಡುತ್ತೆ ಕಣ್ರೀ" ಎನ್ನುತ್ತಾರೆ. "ನೆಂಟರು ಎದ್ದು ಹೋದ ಮೇಲೆ ತಾನೇ ಗಂಡ ಹೆಂಡ್ತಿ ಹೇಗಿದಾರೆ ಅಂತ ಗೊತ್ತಾಗೋದು? ಹಂಗೇ ಇದೂನೂ. ಹಾಡು ನಿಂತ ಮೇಲೆ ಕೇಳ್ಬೇಕು."

ಇವತ್ತು ಹಾಡು ನಿಂತ ಮೇಲೆ ಬಲಗಿವಿಯಲ್ಲಿ ಚರಚರ ಅನ್ನುತ್ತಿದೆ. ಒಂಬತ್ತಕ್ಕೆ ಮಿನ್ ಬಂದು ತಮ್ಮ ಕಿವಿಗೇ ಇಟ್ಟುಕೊಳ್ಳುತ್ತಾರೆ. ಮೂವತ್ತೆಂಟರ ಮನುಷ್ಯ, ಮೂರು ದಿನದಿಂದ ಗಡ್ಡ ಹೆರೆದಿಲ್ಲ.

"ನಂಗೇನೂ ಕೇಳಿಸ್ತಿಲ್ಲಮ್ಮ. ಬಸ್ಸಲ್ಲಿ ಹೋಗೋ ಹುಡುಗರಿಗೆ ಕೇಳಿಸುತ್ತಾ?"

"ಇವತ್ತು ಕೇಳಿಸಲ್ಲ. ಎರಡು ತಿಂಗಳಿಗೆ ಬಲಗಿವಿಯ ಸದ್ದು ಪೂರಾ ಹೋಗುತ್ತೆ. ಆಗ ಅವರು ಬಯ್ಯೋದು ನಿಮ್ಮನ್ನ ಸಾಹೇಬ್ರೇ, ನನ್ನನ್ನಲ್ಲ."

ಮಿನ್ ಮುದ್ರೆ ಕೇಳುತ್ತಾರೆ. ಪೆಟ್ಟಿಗೆಯ ಮೇಲೆ ಒಕ್ಬುನ್ ಅವರ ಮುದ್ರೆ ಬೀಳದೆ ಯಾವ ಮಾಲೂ ಹೊರಡುವಂತಿಲ್ಲ. ಒಕ್ಬುನ್ ಮುದ್ರೆಯನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಈ ಸಲ ಪೇಟೆಯಲ್ಲಿ ಸಿಕ್ಕ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಂದಿದ್ದರಿಂದಲೇ ಹೀಗಾಯಿತೆಂದು ಹೊರಗೆ ಆಗಲೇ ಗುಸುಗುಸು ಎದ್ದಿದೆ. ಎಲ್ಲರಿಗೂ ಒಪ್ಪುವ ಕಾರಣ, ಯಾರ ತಪ್ಪೂ ಅಲ್ಲ.

ಒಕ್ಬುನ್ ಮಾತ್ರ ಬುಟ್ಟಿಯನ್ನು ನೆಲಕ್ಕೆ ಸುರಿದು, ಒಂದೊಂದೇ ಪ್ಲೇಯರ್ ಬಿಚ್ಚಿ, ಜೋಡಿಸಿದ ಮೇಜಿನ ಸಂಖ್ಯೆ ಇರುವ ಚೀಟಿ ನೋಡುತ್ತಾರೆ. ಎಲ್ಲವೂ ಮೂರರಿಂದ ಎಂಟರವರೆಗಿನ ಮೇಜಿನವು. ಹೋಗಿ ಆ ಮೇಜುಗಳ ಹಿಂದೆ ನಿಲ್ಲುತ್ತಾರೆ. ಆರು ಹೆಂಗಸರ ಬೆನ್ನು, ಕಾರ್ಖಾನೆಯ ಬಿಳಿ ನಿಲುವಂಗಿ. ಅದರ ಮೇಲೆ ಆರು ನೇರಳೆ ಬಣ್ಣದ ಹೆಣೆದ ತೋಳಿಲ್ಲದ ಸ್ವೆಟರ್.

ಅವನ್ನು ಹೆಣೆದವರು ಒಕ್ಬುನ್ ಅವರೇ. ಖರ್ಚು ಉಳಿಸಲು ಹೀಟರ್ ಇಳಿಸಿದಾಗ ಈ ಸಾಲಿನ ಹುಡುಗಿಯರ ಬೆರಳು ಮರಗಟ್ಟುವುದನ್ನು ನೋಡಲಾಗದೆ, ಸಂತೆಯ ಅಗ್ಗದ ನೈಲಾನ್ ನೂಲು ತಂದು ವಾರಗಟ್ಟಲೆ ಹೆಣೆದಿದ್ದರು. ಸೋಮವಾರ ಹಂಚಿದ್ದರು; ಅಂದಿನಿಂದ ಜೋಡಿಸಿದ ಮಾಲು ಅವರ ಕಿವಿಗೆ ಬಂದಿರುವುದು ಇವತ್ತೇ. ನಿಲುವಂಗಿಯ ಮೇಲೆ ಏನೂ ತೊಡಬಾರದೆಂಬುದು ಇಲ್ಲಿನ ಕಟ್ಟುನಿಟ್ಟು. ಒಣ ಚಳಿಯಲ್ಲಿ ಇಂಥ ನೂಲಿನಿಂದ ಏಳುವ ವಿದ್ಯುತ್ ಕಿಡಿ ಕೈಗೆ ತಿಳಿಯುವುದಿಲ್ಲ, ಪ್ಲೇಯರ್‌ನ ಒಳಗನ್ನು ಸುಟ್ಟಿರುತ್ತದೆ. ಇಲ್ಲಿನ ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಒಕ್ಬುನಕ್ಕ ಪ್ರೀತಿಯಿಂದ ಕೊಟ್ಟದ್ದು ಎಂದು ಮೇಲ್ವಿಚಾರಕನೂ ಕಂಡೂ ಕಾಣದಂತಿದ್ದ.

ಸುಮ್ಮನಿದ್ದುಬಿಡಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತದೆ. ತಪ್ಪನ್ನು ಚಿಪ್‌ಗಳ ಮೇಲೆ ಹಾಕಿದರೆ ಕೇಳುವವರಿಲ್ಲ. ಮೂರನೇ ಮೇಜಿನ ಯೊನ್ಹ್ವಾ, ಒಕ್ಬುನ್ ಮುಖ ನೋಡಿಯೇ ಅರ್ಥ ಮಾಡಿಕೊಂಡು, ತೋಳು ಹಿಡಿದು ಪಿಸುಗುಡುತ್ತಾಳೆ: "ಬೇಡ ಅಕ್ಕ. ನಾವು ಬಿಚ್ಚಿಡ್ತೀವಿ, ಮುಗೀತು."

ಒಕ್ಬುನ್ ತಾವೂ ತೊಟ್ಟಿದ್ದ ಅಂಥದೇ ಸ್ವೆಟರ್ ಬಿಚ್ಚಿ, ನೆಟ್ಟಗೆ ಹೋಗಿ ಮಿನ್ ಅವರ ಮೇಜಿನ ಮೇಲಿಡುತ್ತಾರೆ.

"ಚಿಪ್‌ನಿಂದಲ್ಲ ಸಾಹೇಬ್ರೇ. ಇದು ನಾನು ಹೆಣೆದಿದ್ದು. ಸೋಮವಾರದಿಂದ ಈ ಆರು ಮೇಜಲ್ಲಿ ಆಗಿದ್ದು ಒಂದೂ ಹೊರಡೋದು ಬೇಡ."

ಮಿನ್ ಆ ನೇರಳೆ ಸ್ವೆಟರನ್ನು ಮುಟ್ಟಿ ನೋಡುತ್ತಾರೆ. ಬಯ್ಯುವುದಿಲ್ಲ. ಎದ್ದು ಹೋಗಿ ಹೀಟರ್ ಏರಿಸುತ್ತಾರೆ.

ಶುಕ್ರವಾರ ಹನ್ನೊಂದೂವರೆಗೆ ಲಾರಿ ಹೊರಡುತ್ತದೆ, ಮೂರು ಸಾವಿರದ ಜಾಗದಲ್ಲಿ ಎರಡು ಸಾವಿರದ ಇನ್ನೂರು. ಚಾನೆಲ್ಲಿನವರು ಗಂಟೆಯನ್ನು ಸೀಳುತ್ತಾರೆ: ಅರ್ಧ ಇವರಿಗೆ, ಅರ್ಧ ಆರನೇ ಮಹಡಿಗೆ. ಇವರವು ಅಷ್ಟೂ ಖರ್ಚಾಗುತ್ತವೆ. ಮಾರ್ಚ್‌ವರೆಗಂತೂ ಬಾಗಿಲು ತೆರೆದಿರುತ್ತದೆ ಎಂದು ಮುಂದಿನ ಸೋಮವಾರ ನಾನು ಮತ್ತೆ ಹೋದಾಗ ತಿಳಿಯುತ್ತದೆ. ಬಾಗಿಲ ಹೊರಗೆ ಹೊಸದಾಗಿ ಹೊಡೆದ ಏಳು ಮೊಳೆಗಳಲ್ಲಿ ಏಳು ನೇರಳೆ ಸ್ವೆಟರ್‌ಗಳು ನೇತಾಡುತ್ತಿವೆ.

ಹೊರಡುವಾಗ ನಾಚಿಕೆ ಬಿಟ್ಟು ನನ್ನ ಪ್ಲೇಯರ್ ತೆಗೆದು ಒಕ್ಬುನ್ ಅವರ ಕೈಗಿಡುತ್ತೇನೆ. ಆರನೇ ಮಹಡಿಯದೆಂದು ನೋಡಿದ ಕೂಡಲೇ ಗೊತ್ತಾಗಿ, ಓಹೋ, ಇಷ್ಟು ದಿನ ಶತ್ರುವನ್ನು ಜೇಬಲ್ಲಿಟ್ಟುಕೊಂಡು ನಮ್ಮ ಕಾಫಿ ಕುಡಿದಿರಾ ಎಂದು ಛೇಡಿಸುತ್ತಾರೆ. ಆಮೇಲೆ ಕಿವಿಗಿಟ್ಟು ಕಣ್ಣು ಮುಚ್ಚುತ್ತಾರೆ. ಹಾಡು ಮುಗಿಯುತ್ತದೆ. ಇನ್ನೊಂದೂ ಮುಗಿಯುತ್ತದೆ. ಅವರ ಹುಬ್ಬು ಅಲುಗುವುದಿಲ್ಲ.

"ಏನೂ ಇಲ್ಲ. ಚೊಕ್ಕವಾಗಿದೆ" ಎಂದು ಇಯರ್‌ಫೋನಿನ ತಂತಿ ಸುತ್ತುತ್ತಾರೆ. "ಅಲ್ಲೂ ಯಾರೋ ಒಬ್ಬಳು ಕೂತು ಕೇಳ್ತಿದಾಳೆ ಕಣ್ರೀ."

ಪ್ಲೇಯರನ್ನು ನನಗೆ ಹಿಂತಿರುಗಿಸಿ ಕೆಳಗೆ ಆರನೇ ಮಹಡಿ ಇರುವ ಕಡೆಗೆ ನೆಲ ನೋಡುತ್ತಾರೆ.

"ಈ ಸಲ ಹತ್ತಿ ನೂಲು ತರ್ಬೇಕು. ಅವಳಿಗೂ ಚಳಿ ಆಗ್ತಿರುತ್ತೆ."