ಇಳೀರಿ ಅಂದಾಕಿ

ರಂಜನಾ ದೇಗಾಂವದಿಂದ ಕಿತ್ತೂರಿಗೆ, ಅಲ್ಲಿಂದ ಬೈಲಹೊಂಗಲಕ್ಕೆ, ಬೈಲಹೊಂಗಲದಿಂದ ಯರಗಟ್ಟಿಗೆ ಬಸ್ಸು ಬದಲಿಸುತ್ತ ಬಂದಿಳಿದಾಗ ಬಿಸಿಲು ನೆತ್ತಿಗೇರಿತ್ತು. ನಿವೃತ್ತ ಬಸ್ ಡ್ರೈವರ್ ಶಂಕ್ರೆಪ್ಪನ ಮನೆ ಯಾವುದೆಂದು ಕೇಳುತ್ತ ಬಂದವಳು ಬಾಗಿಲಲ್ಲೇ ನಿಂತಳು.

“ಸಂಘಮಿತ್ರಾ ಅಕ್ಕಾರು ಅದಾರೇನ್ರಿ? ನಮ್ಮನಿಯವರು ಬರ್ಫದ ಹಡಗಿನ್ಯಾಗ ಹೋಗ್ಯಾರಲ್ರಿ, ಬಾಳೇಶ ಅಂತ...”

ಒಳಗೆ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಸಂಘಮಿತ್ರಾ ತಲೆಯೆತ್ತಿದಳು. ಈ ಹೊತ್ತಿನಲ್ಲಿ ಯಾರು ಬರಬಾರದಾಗಿತ್ತೋ ಅವಳೇ ಬಂದಿದ್ದಳು.

ಸಂಘಮಿತ್ರಾ ಸವದತ್ತಿಯಲ್ಲಿ ಕಾಲೇಜು ಓದಿ, ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಗೋವಾದ ವಾಸ್ಕೋದಲ್ಲಿ ಒಂದು ಖಾಸಗಿ ಕಂಪನಿ ಸೇರಿದವಳು. ಧ್ರುವದ ಕಡಲಿಗೆ ಹೋಗುವ ಹಡಗುಗಳಿಗೆ ಮಂಜುಗಡ್ಡೆಯ ಮುನ್ಸೂಚನೆ ಕೊಡುವುದು ಆಕೆಯ ಕೆಲಸ. ಉಪಗ್ರಹದ ರಾಡಾರ್ ಚಿತ್ರ, ಗಾಳಿ, ನೀರಿನ ಸೆಳೆತ ಎಲ್ಲವನ್ನೂ ನೋಡಿ ಗಡ್ಡೆ ಎತ್ತ ಸರಿಯುತ್ತದೆ, ಎಲ್ಲಿ ಬಿರಿದು ನೀರು ಕಾಣುತ್ತದೆ, ಎಲ್ಲಿ ಒತ್ತಿಕೊಂಡು ದಾರಿ ಮುಚ್ಚುತ್ತದೆ ಎಂದು ಮೊದಲೇ ಹೇಳಬೇಕು. ಒಮ್ಮೆ ತಾನೂ ಅಂಟಾರ್ಕ್ಟಿಕಾಕ್ಕೆ ಹೋಗಿಬಂದಿದ್ದಳು. ಆ ಹಡಗಿನ ಡೆಕ್ಕಿನ ಮೇಲೆ ಅಪ್ಪನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತ್ತು: “ಅಕ್ಕಾರ, ನೀವು ಸವದತ್ತಿ ಕಡೀಯವರೇನ್ರಿ?” ಅವನೇ ಬಾಳೇಶ. ಅಲ್ಲಿನ ಬೇಸಿಗೆಯಲ್ಲಿ ಸಂಶೋಧನಾ ಕೇಂದ್ರಕ್ಕೆ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ ದೇಗಾಂವದ ಹುಡುಗ. ಊಟಕ್ಕೆ ಕುಳಿತಾಗ ತನ್ನ ಡಬ್ಬಿಯ ಶೇಂಗಾ ಚಟ್ನಿಪುಡಿಯನ್ನು ಆಕೆಯ ತಟ್ಟೆಗೂ ಹಾಕುತ್ತಿದ್ದ.

ಈ ವರ್ಷವೂ ಅವನು ಹೋಗಿದ್ದ. ಸಂಘಮಿತ್ರಾ ಮಾತ್ರ ಯರಗಟ್ಟಿಯ ಅಪ್ಪನ ಮನೆಯಲ್ಲಿದ್ದಳು. ತಾಯಿ ಕೃಷ್ಣವ್ವನಿಗೆ ಲಕ್ವಾ ಹೊಡೆದು ಒಂದು ಮಗ್ಗಲು ಬಿದ್ದುಹೋಗಿತ್ತು. ತಾಯಿಯ ಬಾಯಿಗೆ ಗಂಜಿ ಹಾಕುವ ನಡುವೆಯೇ ಆಕೆ ಮನೆಯಿಂದ ಮುನ್ಸೂಚನೆ ಬರೆದು ಕಳಿಸುತ್ತಿದ್ದಳು. ದಕ್ಷಿಣದ ಗಾಳಿ ಬೀಸಿ ದಂಡೆಯ ಗುಂಟ ನೀರಿನ ದಾರಿ ತೆರೆಯುತ್ತದೆ ಎಂದು ಬರೆದವಳು ಆಕೆಯೇ. ಅದನ್ನು ನಂಬಿ ಹಡಗು ಒಳಗೆ ನುಗ್ಗಿತು. ದಕ್ಷಿಣದ ಗಾಳಿ ಬೀಸಲೇ ಇಲ್ಲ. ಕಡಲ ಕಡೆಯಿಂದ ಬಿರುಗಾಳಿ ಎದ್ದು, ಗಡ್ಡೆಗಳನ್ನೆಲ್ಲ ದಂಡೆಗೆ ಒತ್ತಿ, ಹಡಗನ್ನು ನಡುವೆ ಹಿಡಿದು ನಿಲ್ಲಿಸಿಬಿಟ್ಟಿತು.

“ಒಳಗ ಬಾರವಾ,” ಎಂದು ಅಪ್ಪ ಶಂಕ್ರೆಪ್ಪ ರಂಜನಾಳಿಗೆ ನೀರು ಕೊಟ್ಟ.

ಆಕೆ ನೀರಿನ ಲೋಟ ಹಿಡಿದುಕೊಂಡೇ ಹೇಳಿದಳು. “ಹಡಗ ಸಿಕ್ಕೊಂಡೈತಿ, ಏನಾರ ಇದ್ರ ಯರಗಟ್ಟಿ ಅಕ್ಕಾರನ್ನ ಕೇಳು ಅಂತ ಮೆಸೇಜ್ ಹಾಕಿದ್ರು. ಆಮ್ಯಾಲೆ ಫೋನ ಇಲ್ರಿ. ಜೀವಕ್ಕೇನೂ ಇಲ್ಲಲ್ರಿ, ಅಕ್ಕಾರ?”

ಇಲ್ಲ ಎಂದುಬಿಡಬಹುದಾಗಿತ್ತು. ಸಂಘಮಿತ್ರಾಳ ಬಾಯಿಗೆ ಆ ಸುಳ್ಳು ಬರಲಿಲ್ಲ. ಆ ಮುಂಜಾನೆಯ ಚಿತ್ರದಲ್ಲಿ ಹಡಗಿಗಿಂತ ದೊಡ್ಡದಾದ ಆಪತ್ತು ಕಂಡಿತ್ತು. ಒಂದು ಹಿಮಗುಡ್ಡ. ತೆಳು ಗಡ್ಡೆಗಳು ಗಾಳಿ ದೂಡಿದತ್ತ ಹೋಗುತ್ತವೆ. ಹಿಮಗುಡ್ಡದ ಬುಡ ನೀರಿನಲ್ಲಿ ಬಹಳ ಆಳಕ್ಕಿರುವುದರಿಂದ ಅದು ಕೆಳಗಿನ ಸೆಳೆತದ ಮಾತು ಕೇಳುತ್ತದೆ. ಸುತ್ತಲಿನ ಗಡ್ಡೆಗಳನ್ನು ಒಡೆಯುತ್ತ ಅದು ಹಡಗಿನತ್ತಲೇ ಬರುತ್ತಿತ್ತು. ಹಡಗು ಅಲುಗಾಡುವಂತಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಉಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಆಕೆಯ ತಮ್ಮ ಸಂದೀಪನ ಮೊಬೈಲ್ ಅಂಗಡಿ ಇತ್ತು, ಅಲ್ಲಿ ಇನ್ವರ್ಟರ್ ಇತ್ತು. ಸಂಘಮಿತ್ರಾ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿದಳು. ರಂಜನಾ ಹಿಂದೆಯೇ ಬಂದಳು. ಬೇಡ ಎನ್ನಲು ಪುರಸೊತ್ತಿರಲಿಲ್ಲ.

ಅಂಗಡಿಯ ಹಿಂಬದಿಗೆ ಸ್ಟೂಲ್ ಹಾಕಿಕೊಂಡು ಕುಳಿತಾಗ ವಾಸ್ಕೋದಿಂದ ಫೋನ್ ಬಂತು, ಸ್ಪೀಕರಿಗೆ ಹಾಕಿದಳು. ಆಕೆಯ ಮೇಲಧಿಕಾರಿ ಸುನೀಲ ಬೆಳಗಾವಿಯವನು.

“ಮಿತ್ರಾ, ಹೊಸಾ ಚಿತ್ರ ಕಳಿಸೇನಿ ನೋಡು. ಕಂಪ್ಯೂಟರ್ ಲೆಕ್ಕ ಎರಡೂ ಹೇಳಾಕತ್ತೈತಿ. ಗುಡ್ಡ ಬಾಜೂಕ ಹಾದು ಹೋಗಬಹುದು, ಬಂದು ಬಡೀಲೂಬಹುದು. ಕ್ಯಾಪ್ಟನ್ ಕೇಳಾಕತ್ತಾರ, ಮಂದೀನ ಬರ್ಫದ ಮ್ಯಾಲೆ ಇಳಸಬೇಕೋ, ಹಡಗಿನ್ಯಾಗ ಇಟಗೋಬೇಕೋ?”

“ಹೆಲಿಕಾಪ್ಟರ್?”

“ಈ ಗಾಳ್ಯಾಗ ಹಾರೂದಿಲ್ಲ. ಗಾಳಿ ಇನ್ನೂ ಜೋರಾದ್ರ ಇಳಿಸಾಕೂ ಆಗೂದಿಲ್ಲ. ಏನಾರ ಹೇಳೂದಿದ್ರ ಈಗ ಹೇಳು.”

ಸಂಘಮಿತ್ರಾ ಚಿತ್ರ ತೆರೆದಳು. ಹಿಮಗುಡ್ಡ ತುಸು ತಿರುಗಿ ಹಡಗಿನ ಕಡೆ ವಾಲಿದಂತಿತ್ತು. ಮುಂದೆ ಸಮುದ್ರದ ತಳ ಎತ್ತರವಿದ್ದರೆ ಅದರ ಬುಡ ನೆಲಕ್ಕೆ ತಾಗಿ ನಿಲ್ಲುತ್ತದೆ. ಆಳವಿದ್ದರೆ ಬರುತ್ತದೆ. ಆ ಜಾಗದ ಆಳವನ್ನು ಯಾರೂ ಅಳೆದಿರಲಿಲ್ಲ. ನಕ್ಷೆಯಲ್ಲಿ ಅಲ್ಲಿ ಬರೀ ಬಿಳಿ. ಆಕೆ ಇನ್ನೊಮ್ಮೆ ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು. ಪ್ರತಿ ಸಲವೂ ಉತ್ತರ ಬೇರೆ ಬಂತು. ಅಂಗಡಿಯ ಮುಂಬದಿಗೆ ಯಾರೋ “ಸಂದೀಪ, ಈ ಸಿಮ್ ಚಾಲೂ ಆಗವಲ್ದಲ್ಲೊ” ಎಂದು ಜಗಳ ತೆಗೆದಿದ್ದರು. ಹೊರಗೆ ಹತ್ತಿ ತುಂಬಿದ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.

ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ರಂಜನಾ ಆಕೆಯ ಮೊಣಕಾಲು ಹಿಡಿದು ಕುಳಿತುಬಿಟ್ಟಳು.

“ಇಳಸ್ರಿ ಅಕ್ಕಾರ. ನಿಮ್ಮ ಕಾಲ ಬೀಳತೇನಿ. ಹಡಗ ಒಡದ್ರ ಒಳಗ ಇದ್ದವರ ಗತಿ ಏನ್ರಿ? ನೀವು ಹೇಳಿದ್ರ ಕೇಳ್ತಾರ. ಇಳಸ್ರಿ!”

“ಕಾಲ ಬಿಡವಾ,” ಎಂದಳು ಸಂಘಮಿತ್ರಾ. ಅವಳು ಬಿಡಲಿಲ್ಲ.

ಸಂಘಮಿತ್ರಾ ಫೋನೆತ್ತಿ ಹೇಳಿದಳು: “ಇಳಿಯಾಕ ಹೇಳ್ರಿ. ದಂಡಿಗೆ ಅಂಟಿದ ಗಟ್ಟಿ ಬರ್ಫದ ಕಡೆ ಹೋಗ್ಲಿ.”

ಹಡಗು ನೋಡಿಕೊಳ್ಳುವವರನ್ನು ಉಳಿಸಿ ಅರ್ಧಕ್ಕೂ ಹೆಚ್ಚು ಮಂದಿ ಇಳಿದರು. ದಂಡೆಗಂಟಿದ ಮಂಜುಗಡ್ಡೆಯ ಗಟ್ಟಿ ಹಾಸು ಬಹಳ ದೂರವಿರಲಿಲ್ಲ, ಆದರೆ ಹಾರುವ ಹಿಮದಲ್ಲಿ ಮುಂದಿನವನ ಬೆನ್ನು ಕಾಣುತ್ತಿರಲಿಲ್ಲ. ಎಲ್ಲರೂ ಒಂದೇ ಹಗ್ಗ ಹಿಡಿದು ನಡೆದರು. ಬಾಳೇಶ ಡೇರೆಯ ಸಾಮಾನು ಎಳೆಯುತ್ತ ಕೊನೆಯಲ್ಲಿದ್ದ. ಹಿಮಗುಡ್ಡ ಹತ್ತಿರ ಬರುತ್ತಿದ್ದಂತೆ ಇಡೀ ಹಾಸಿನ ಮೇಲೆ ಒತ್ತಡ ಬಿದ್ದು, ಅವನ ಕಾಲ ಕೆಳಗಿನ ಗಡ್ಡೆ ಸೀಳಿತು. ನೀರಿಗೆ ಬಿದ್ದವನನ್ನು ಜೊತೆಯವರು ಹಗ್ಗ ಹಾಕಿ ಎಳೆದರು. ಒದ್ದೆಯಾದ ಬೂಟಿನಲ್ಲೇ ಗಾಳಿ ಇಳಿಯುವವರೆಗೆ ಡೇರೆಯೊಳಗೆ ಬಿದ್ದಿದ್ದ.

ಹಿಮಗುಡ್ಡ ಹಡಗಿಗೆ ಬಡಿಯಲಿಲ್ಲ. ಒಂದು ಕಡೆ ಬುಡ ನೆಲಕ್ಕೆ ತಾಗಿ, ಮೆಲ್ಲಗೆ ತಿರುಗಿ, ಪಕ್ಕದಿಂದಲೇ ಹಾದುಹೋಯಿತು. ಅದು ಸೀಳಿಕೊಂಡು ಹೋದ ಜಾಗದಲ್ಲಿ ಕಪ್ಪು ನೀರು ತೆರೆದುಕೊಂಡಿತು. ಇಳಿದವರನ್ನೆಲ್ಲ ಮರಳಿ ಹತ್ತಿಸಿಕೊಂಡು ಹಡಗು ಅದೇ ದಾರಿಯಿಂದ ಹೊರಬಿತ್ತು. ಹಡಗಿನಲ್ಲೇ ಉಳಿದವರಿಗೆ ಒಂದು ಗೀರೂ ಆಗಿರಲಿಲ್ಲ. ಬಾಳೇಶನಿಗೆ ಕೇಪ್‌ಟೌನಿನ ಆಸ್ಪತ್ರೆಯಲ್ಲಿ, ಚಳಿಗೆ ಸತ್ತುಹೋಗಿದ್ದ ಎಡಗಾಲಿನ ಬೆರಳುಗಳನ್ನೂ ಬಲಗಾಲಿನ ಅರ್ಧ ಪಾದವನ್ನೂ ಕತ್ತರಿಸಿದರು.

ಕಂಪನಿಯಲ್ಲಿ ವಿಚಾರಣೆ ನಡೆಯಿತು. ಆ ಹೊತ್ತಿನಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು, ಸಂಘಮಿತ್ರಾಳ ತಪ್ಪಿಲ್ಲ ಎಂದರು. ಆ ಮಾತು ಕೇಳಿದ ಮೇಲೆ ಆಕೆಗೆ ಅನ್ನ ಇನ್ನೂ ಸೇರದಾಯಿತು. ಶಂಕ್ರೆಪ್ಪ ಒಂದೇ ಮಾತು ಹೇಳಿದ: “ಹೋಗಿ ಅವನ ಮಾರಿ ನೋಡಿ ಬಾ, ತಂಗಿ. ಇಲ್ಲಂದ್ರ ನಿನ್ನ ಜೀವಕ್ಕ ನೆಮ್ಮದಿ ಇಲ್ಲ.”

ದೇಗಾಂವದಲ್ಲಿ ಬಾಳೇಶ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದ. ಪಾದಗಳ ಮೇಲೆ ದುಪ್ಪಟ್ಟಿ ಹೊದ್ದಿದ್ದ. ಮುಖ ಅರ್ಧವಾಗಿತ್ತು.

“ಒಂದು ಕೇಳತೇನಿ, ಅಕ್ಕಾರ. ಆ ಗುಡ್ಡ ಬಂದು ಬಡೀತೈತಿ ಅಂತ ನಿಮಗ ಖರೇನ ಗೊತ್ತಿತ್ತೇನ್ರಿ?”

“ಇಲ್ಲೊ ಬಾಳೇಶ. ಗೊತ್ತಿರಲಿಲ್ಲ.”

“ಗೊತ್ತಿಲ್ದನ ಇಳೀರಿ ಅಂದ್ರಿ?”

“ಹೂಂ. ಗೊತ್ತಿಲ್ದನ ಏನಾರ ಒಂದು ಹೇಳಬೇಕಾಗಿತ್ತು.”

ಅವನು ದುಪ್ಪಟ್ಟಿಯ ಅಂಚು ಎಳೆದುಕೊಂಡು, “ವೆಲ್ಡಿಂಗ್ ಕುಂತು ಮಾಡಬಹುದು,” ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ರಂಜನಾ ಅಂಗಳದವರೆಗೆ ಬಂದಳು. ಕಣ್ಣು ಬಾತಿದ್ದವು. ಒಳಗೆ ಕೇಳಿಸದಂತೆ ದನಿ ತಗ್ಗಿಸಿದಳು.

“ನಾ ಅವತ್ತು ನಿಮ್ಮ ಕಾಲ ಹಿಡದೆ ಅಂತ ಹಂಗ ಹೇಳಿದ್ರೇನ್ರಿ? ನಾ ಬರದಿದ್ರ ಹಡಗಿನ್ಯಾಗ ಇರ್ರಿ ಅಂತಿದ್ರೇನ್ರಿ?”

“ಇಲ್ಲವಾ. ನೀ ಬಂದಿದ್ದಕ್ಕಲ್ಲ. ಚಿತ್ರ ನೋಡೇ ಹೇಳೇನಿ.”

ರಂಜನಾ ಆಕೆಯ ಮುಖವನ್ನೇ ದಿಟ್ಟಿಸಿದಳು. ನಂಬಿದಳೋ ಇಲ್ಲವೋ, ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದಳು. ತಾನು ಹೇಳಿದ್ದು ನಿಜವೋ ಸುಳ್ಳೋ ಸಂಘಮಿತ್ರಾಳಿಗೇ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ಮಳೆಗಾಲ ಮುಗಿದ ಮೇಲೆ ಆಕೆ ವಾಸ್ಕೋಗೆ ಮರಳಿದಳು. ಕೃಷ್ಣವ್ವ ಗೋಡೆ ಹಿಡಿದು ನಡೆಯುವಷ್ಟಾಗಿದ್ದಳು. ಕೆಲಸ ಬಿಡುತ್ತೇನೆಂದು ಎರಡು ಸಲ ಹೇಳಿದರೂ ಸುನೀಲ ಒಪ್ಪಲಿಲ್ಲ. ಹೊಸ ಹಂಗಾಮಿನ ಮೊದಲ ಹಡಗು ಮಂಜುಗಡ್ಡೆಯ ಅಂಚಿಗೆ ಬಂದು ನಿಂತು, ಒಳಗೆ ಹೋಗಬಹುದೇ ಎಂದು ಕೇಳಿತು. ಸಂಘಮಿತ್ರಾ ಮುನ್ಸೂಚನೆ ಬರೆದಳು, ಹೋಗಬಹುದು ಅಥವಾ ಬೇಡ ಎನ್ನುವ ಕೊನೆಯ ಸಾಲಿನ ಹತ್ತಿರ ನಿಲ್ಲಿಸಿದಳು. ಎದ್ದುಹೋಗಿ ಮುಖ ತೊಳೆದು ಬಂದಳು. ಹಡಗಿನವರು ಕಾಯುತ್ತಲೇ ಇದ್ದರು. ಗಾಳಿಯ ಚಿತ್ರವನ್ನು ಮೊದಲಿನಿಂದ ಮತ್ತೆ ತೆರೆದಳು.