ಮುಟ್ಟೀನಿ ಅನ್ನಲು ಕಲಿಸಿದವರು

ವಕೀಲರ ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತೂಕಡಿಸುತ್ತಿದ್ದಾರೆ ಎಂದುಕೊಂಡು ಎದುರಿನ ಸಾಕ್ಷಿಗಳು ಬಾಯಿ ಸಡಿಲ ಬಿಡುತ್ತಿದ್ದರು, ಸಿಕ್ಕಿಬೀಳುತ್ತಿದ್ದರು. ಬಸವಕಲ್ಯಾಣದ ಮನೆಯಿಂದ ಬೆಳಗಿನ ಬಸ್ಸಿಗೆ ಹುಮನಾಬಾದ್ ಕೋರ್ಟಿಗೆ ಬರುತ್ತಿದ್ದ ಅವರು ಮೇಲ್ಜಾತಿಯವರು. ಹಿಡಿಯುತ್ತಿದ್ದದ್ದು ಮಾತ್ರ ಜಾತಿಯ ಕಾರಣಕ್ಕೆ ನೌಕರಿ ಕಳೆದುಕೊಂಡ ನಮ್ಮಂಥವರ ಕೇಸು. ದೇವರಂಥ ಮನುಷ್ಯ ಎಂದುಕೊಂಡೀರಿ, ತಡೆಯಿರಿ.

ನಾನು ಹುಮನಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮ ಕೇರಿಯಿಂದ ನೌಕರಿ ಹಿಡಿದ ಮೊದಲ ಹೆಣ್ಣು. ಶಿಕ್ಷಕರ ಕೋಣೆಯ ಮಣ್ಣಿನ ಹರವಿಯಿಂದ ನಾನು ನೀರು ತೆಗೆದುಕೊಳ್ಳುವಂತಿರಲಿಲ್ಲ. ಜವಾನ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು. ಒಂದು ಬೇಸಿಗೆಯ ಮಧ್ಯಾಹ್ನ ಜವಾನ ಇರಲಿಲ್ಲ. ನಾನೇ ತಂಬಿಗೆ ಅದ್ದಿ ಕುಡಿದೆ. ಮರುದಿನ ಹರವಿ ಅಂಗಳದಲ್ಲಿ ಒಡೆದು ಬಿದ್ದಿತ್ತು. ಶಿಸ್ತು ಮೀರಿದ್ದಕ್ಕೆ ಕೆಲಸದಿಂದ ತೆಗೆದಿದ್ದೇವೆ ಎಂಬ ಕಾಗದ ನನ್ನ ಮೇಜಿನ ಮೇಲಿತ್ತು.

"ಮುಟ್ಟಿಲ್ರಿ ಅಂತ ಹೇಳಿಬಿಡವ್ವ," ಎಂದಳು ಅವ್ವ. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದು. ವಕೀಲರ ಮುಂದೆಯೂ ಅದನ್ನೇ ಒಪ್ಪಿಸಿದೆ. ಅವರು ಕುರ್ಚಿ ಸರಿಸಿ ಎದ್ದರು.

"ಮಂಠಾಳದ ಸಾಲಿ ಆಯಾನೂ ಹಿಂಗೇ ಅಂದ್ಳು. ನೋಡಿದವ್ರು ನಾಲ್ಕ್ ಮಂದಿ ಬಂದು ಸಾಕ್ಷಿ ಹೇಳಿದ್ರು. ಸುಳ್ಳು ಹೇಳ್ಯಾಳಂತ ಕೇಸ್ ವಜಾ ಆತು. ಈಗ ಆಕಿ ರಸ್ತಾದಾಗ ಕಲ್ಲು ಒಡಿಯಾಕತ್ತಾಳ. ಮುಟ್ಟಿಲ್ಲ ಅಂದ್ರ, ಮುಟ್ಟೋದು ಗುನ್ಹೆ ಅಂತ ನೀನೇ ಒಪ್ಪಿದಂಗಾತು. ಮುಟ್ಟೀನಿ ಅನ್ನು."

ನಾನು ಮತ್ತೆ ಮುಟ್ಟಿಲ್ರಿ ಎಂದೇ ಅಂದೆ. ಅಂದಿನಿಂದ ಶುರುವಾಯಿತು ತಾಲೀಮು. ಎರಡು ತಿಂಗಳು, ಪ್ರತಿ ಭಾನುವಾರ, ಅವರೇ ಎದುರು ಪಕ್ಷದ ವಕೀಲನಂತೆ ನಿಂತು ನನ್ನ ಜಾತಿ ಹಿಡಿದು, ಅವ್ವನನ್ನು ಹಿಡಿದು, ಮೈಬಣ್ಣ ಹಿಡಿದು ಬೈದರು. ಅತ್ತರೆ, "ಹೂಂ, ಅಳು. ಜಡ್ಜ್‌ಸಾಬ್ರು ದಸ್ತಿ ಕೊಡ್ತಾರ, ಒರೆಸ್ಕೋ," ಎನ್ನುತ್ತಿದ್ದರು. ಒಮ್ಮೆ ತಡೆಯಲಾರದೆ ಕಿರುಚಿದೆ: "ಇಷ್ಟ್ ಹೊಲಸ ಮಾತು ಎಲ್ಲಿ ಕಲತ್ರಿ ನೀವು?"

"ಕಲಿಯೋದೇನದ? ನಮ್ಮ ಮನ್ಯಾಗ ಊಟಕ್ಕ ಕುಂತಾಗ ಇದೇ ಮಾತು."

ಆ ಮನುಷ್ಯನನ್ನು ನಾನು ದ್ವೇಷಿಸಿದೆ. ಈಗಲೂ ಅಷ್ಟಿಷ್ಟು ಉಳಿದಿದೆ, ಸುಳ್ಳೇಕೆ ಹೇಳಲಿ.

ಕೋರ್ಟಿನಲ್ಲಿ ಎದುರಿನ ವಕೀಲ ಗಂಟಲು ಸರಿಮಾಡಿಕೊಂಡು ಕೇಳಿದ: "ಹರವಿ ಮುಟ್ಟಿದ್ದು ಖರೇನೋ ಸುಳ್ಳೋ?"

"ಮುಟ್ಟೀನ್ರಿ. ನೀರಡಿಕಿ ಆಗಿತ್ತು."

ಅವನು ಕರೆತಂದಿದ್ದ ಸಾಕ್ಷಿಗಳಿಗೆ ಕೆಲಸವೇ ಉಳಿಯಲಿಲ್ಲ. ನೀರು ಮುಟ್ಟಿದ್ದು ತಪ್ಪಲ್ಲ ಎಂದು ಜಡ್ಜರು ಬರೆದರು, ನನ್ನ ನೌಕರಿ ಮರಳಿ ಬಂತು. ಕೈಮುಗಿಯಲು ಹೋದರೆ ವಕೀಲರು ಮುಖ ತಿರುಗಿಸಿದರು. "ಮಂಠಾಳದಾಕಿಗಿ ಈ ತಾಲೀಮು ಕೊಡಲಿಲ್ಲ ನಾ. ಬೈಯಾಕ ಪಾಪ ಅನಿಸ್ತು," ಎಂದರು. ಅಷ್ಟೇ.

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡಾಗ ಬಸವಕಲ್ಯಾಣಕ್ಕೆ ಹೋದೆ. ಸ್ನಾನ ಮಾಡಿಸಿ ಪಡಸಾಲೆಯಲ್ಲಿ ಮಲಗಿಸಿದ್ದರು. "ದೂರ ನಿಂತು ನೋಡ್ರಿ ಟೀಚರ್‌ಬಾಯಿ," ಎಂದರು ಅವರ ಅಣ್ಣ. ನಾನು ಮುಂದೆ ಹೋಗಿ ಎರಡೂ ಪಾದ ಹಿಡಿದುಕೊಂಡೆ.

"ಅಯ್ಯ, ಯಾರ್ ಮುಟ್ಟಿದ್ರು?" ಒಳಗಿನಿಂದ ಮುದುಕಿಯೊಬ್ಬಳು ಕೂಗಿದಳು.

"ನಾನ್ರಿ. ಮುಟ್ಟೀನಿ."

ಯಾರೂ ನನ್ನನ್ನು ಬೈಯಲಿಲ್ಲ. ಎರಡು ಕೊಡ ನೀರು ತರಿಸಿ, ನನ್ನ ಕಣ್ಣೆದುರಿಗೇ ಅವರಿಗೆ ಇನ್ನೊಮ್ಮೆ ಸ್ನಾನ ಮಾಡಿಸಿದರು. ಅದು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ. ಅಳಲಿಲ್ಲ.